ಹನ್ನೆರಡು ಜೋಡಿ ಪಾದ

ಮಾನ್ವಿಯ ನಮ್ಮ ಚರ್ಚಿನಲ್ಲಿ ಪವಿತ್ರ ಗುರುವಾರದ ಪಟ್ಟಿ ಬರೆಯುವ ಕೆಲಸ ನನ್ನದು. ಯೇಸು ತನ್ನ ಕಡೆಯ ಊಟದ ದಿನ ಶಿಷ್ಯರ ಕಾಲು ತೊಳೆದ. ಅದರ ನೆನಪಿಗೆ ಆ ಸಂಜೆ ಫಾದರ್ ಹನ್ನೆರಡು ಮಂದಿಯನ್ನು ಪೀಠದ ಮುಂದೆ ಕೂರಿಸಿ, ಮೊಣಕಾಲೂರಿ, ಒಬ್ಬೊಬ್ಬರ ಪಾದಕ್ಕೆ ನೀರು ಹಾಕಿ, ಒರೆಸಿ, ಮುತ್ತಿಡುತ್ತಾರೆ. ಆ ಹನ್ನೆರಡು ಮಂದಿ ಯಾರೆಂದು ಗೊತ್ತುಮಾಡುವವನು ನಾನು. ಹೈಸ್ಕೂಲ್ ಮಾಸ್ತರ, ಅಕ್ಷರ ಚೆಂದ, ಮೈಕ್ ಇಲ್ಲದೆಯೂ ದನಿ ಕೊನೆಯ ಬೆಂಚಿನ ತನಕ ಕೇಳಿಸುತ್ತದೆ. ಇಷ್ಟಕ್ಕೇ ನನ್ನ ತಲೆ ತಿರುಗಿತ್ತು.

ಪಟ್ಟಿಯಲ್ಲಿ ಹೆಸರು ಬರುವುದೆಂದರೆ ಜನಕ್ಕೂ ಮರ್ಯಾದೆಯ ಮಾತು. ವಾರ ಮುಂಚೆಯೇ ಬಿಳಿ ಅಂಗಿ ಇಸ್ತ್ರಿಯಾಗುತ್ತದೆ. ಉಗುರು ಕತ್ತರಿಸುತ್ತಾರೆ. ಗುರುವಾರ ಮನೆಯಲ್ಲೇ ಸೋಪು ಹಚ್ಚಿ ಕಾಲು ತೊಳೆದುಕೊಂಡು, ಧೂಳು ಹತ್ತದಂತೆ ಬೂಟು ಹಾಕಿಕೊಂಡು ಬರುತ್ತಾರೆ. ಫಾದರ್ ತೊಳೆಯುವುದು ತೊಳೆದ ಕಾಲನ್ನೇ. ಇದರಲ್ಲೇನಾದರೂ ತಪ್ಪಿದೆ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ನಮ್ಮಪ್ಪ ದೇವದುರ್ಗದ ಕಡೆಯವನು. ಹರೆಯದಲ್ಲೇ ಮಾನ್ವಿಗೆ ಬಂದು ರೈಸ್ ಮಿಲ್ಲಿಗೆ ಸೇರಿದ. ಅಲ್ಲಿ ಕುದಿಸಿದ ಭತ್ತವನ್ನು ಸಿಮೆಂಟಿನ ಅಂಗಳದಲ್ಲಿ ಹರವುತ್ತಾರೆ. ಒಣಗಲೆಂದು ಅದನ್ನು ತಿರುವುವುದು ಕಾಲಿನಿಂದಲೇ. ಬರಿಗಾಲು ಎಳೆಯುತ್ತ, ಸಾಲು ಬಿಡಿಸುತ್ತ ಈ ತುದಿಯಿಂದ ಆ ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ. ಮೇಲೆ ನಮ್ಮ ರಾಯಚೂರು ಸೀಮೆಯ ಬಿಸಿಲು, ಕೆಳಗೆ ಕಾದ ಭತ್ತ. ನನ್ನ ಓದು, ನನ್ನ ನೌಕರಿ ಎಲ್ಲ ಅಪ್ಪ ಹಾಗೆ ನಡೆದು ತಂದದ್ದು. ಅವನ ಅಂಗಾಲು ಕಪ್ಪಾಗಿ, ದಪ್ಪಗಟ್ಟಿ, ಬೇಸಿಗೆಯ ಕೆರೆಯ ತಳದಂತೆ ಸೀಳಿತ್ತು. ವಯಸ್ಸಾದ ಮೇಲೆ ಶುಗರ್ ಬಂದು ಪಾದದ ಸ್ಪರ್ಶವೇ ಹೋಯಿತು. ಚಪ್ಪಲಿ ಕಳಚಿ ಹಿಂದೆ ಉಳಿದರೂ ಗೊತ್ತಾಗದೆ ಮುಂದೆ ನಡೆದುಬಿಡುತ್ತಿದ್ದ.

ಕಳೆದ ತಪಸ್ಸುಕಾಲದಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಒಂದು ಭಾನುವಾರ ನಾನು ಪಡಸಾಲೆಯಲ್ಲಿ ಕೂತು ಪಟ್ಟಿ ಬರೆಯುತ್ತಿದ್ದೆ. ಹಿಂದಿನ ದಿನವಷ್ಟೇ ಮಲ್ಲಟದ ಪ್ರಾರ್ಥನಾ ಕೂಟದಲ್ಲಿ ನಮ್ರತೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ, ಶಾಲು ಹೊದಿಸಿಕೊಂಡು ಬಂದಿದ್ದೆ. ಅಪ್ಪ ಬಂದು ಕಂಬಕ್ಕೆ ಆತು ನಿಂತ. ಜೀವಮಾನದಲ್ಲಿ ನನ್ನಿಂದ ಏನನ್ನೂ ಕೇಳಿದವನಲ್ಲ.

"ಒಂದ್ ಮಾತು ಕೇಳ್ಲೇನು? ಈ ಸಲ ನನ್ನೂ ಕುಂದರಸ್ತಿಯೇನಪಾ?"

ಪಟ್ಟಿ ತುಂಬಿಹೋಗಿತ್ತು. ನಿವೃತ್ತ ಹೆಡ್‌ಮಾಸ್ತರು, ಇಂಜಿನಿಯರು, ಬ್ಯಾಂಕಿನವರು. ಒಂದು ಹೆಸರು ಹೊಡೆದುಹಾಕಲು ಎಷ್ಟು ಹೊತ್ತು? ಆದರೆ ಅಷ್ಟೂ ಜನರೆದುರು ಅಪ್ಪ ಆ ಕಾಲು ಚಾಚಿ ಕೂರುವುದನ್ನು ನೆನೆದೇ ಮೈಯೆಲ್ಲ ಹಿಡಿಯಾಯಿತು. ನಾಚಿಕೆಯಾಯಿತು, ಸುತ್ತಿ ಬಳಸಿ ಯಾಕೆ ಹೇಳಲಿ.

"ಆ ಕಾಲ್ ತಗೊಂಡು ಕುಂದರ್ತಿಯೇನು ಯಪ್ಪಾ? ಫಾದರ್ ಬಾಗಿ ಮುತ್ತು ಕೊಡ್ತಾರ ಅದಕ್ಕ! ಮೊದ್ಲು ಒಂದೀಟು ಸ್ವಚ್ಛ ಮಾಡ್ಕೋ, ಆಮ್ಯಾಲ ನೋಡೂಣು."

ಅಪ್ಪ ಬೇಸರ ಮಾಡಿಕೊಳ್ಳಲಿಲ್ಲ. ಬಗ್ಗಿ ತನ್ನ ಕಾಲು ನೋಡಿಕೊಂಡು, "ಖರೇ ಅದ ನೀ ಹೇಳೂದು," ಎಂದು ನಕ್ಕ.

ಮರುದಿನದಿಂದ ಬಚ್ಚಲಿನಲ್ಲಿ ಇಟ್ಟಂಗಿ ಚೂರು ಉಜ್ಜುವ ಸದ್ದು ಶುರುವಾಯಿತು. ಬಿಸಿನೀರಿನಲ್ಲಿ ಕಾಲು ನೆನೆಸುವನು, ತಿಕ್ಕುವನು, ಗಡುಸು ಚರ್ಮವನ್ನು ಬ್ಲೇಡಿನಿಂದ ಹೆರೆಯುವನು, ಕೊಬ್ಬರಿ ಎಣ್ಣೆ ಹಚ್ಚುವನು. ದಿನಾ ಇದೇ.

"ಮಾವ ಕಾಲು ಹೆರಕೊಳ್ಳಾಕತ್ತಾರ, ಬ್ಯಾಡ ಅಂತ ಹೇಳ್ರಿ," ಎಂದಳು ನನ್ನ ಹೆಂಡತಿ.

"ಏ, ಬಿಡು ಅತ್ಲಾಗ, ಯಪ್ಪಗ ಹೊತ್ತು ಹೋಗ್ತದ," ಎಂದೆ.

ಎರಡು ವಾರಕ್ಕೆ ಅಪ್ಪ ನನ್ನ ಹಳೆಯ ಕಾಲುಚೀಲ ಕೇಳಿ ಹಾಕಿಕೊಂಡ. ಧೂಳು ಹತ್ತಬಾರದಂತೆ. ನಾನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಗುರುವಾರ ಅವನು ಎಲ್ಲರಿಗಿಂತ ಮೊದಲೇ ಹೋಗಿ ಮುಂದಿನ ಬೆಂಚಿನಲ್ಲಿ ಕೂತಿದ್ದ. 'ನೋಡೂಣು' ಅಂದದ್ದನ್ನು 'ಹೂಂ' ಎಂದು ತಿಳಿದಿದ್ದ ಪುಣ್ಯಾತ್ಮ. ನಾನು ಮೈಕಿನಲ್ಲಿ ಒಂದೊಂದೇ ಹೆಸರು ಕರೆದೆ. ಪ್ರತಿ ಹೆಸರಿಗೂ ಅಪ್ಪ ತಲೆಯೆತ್ತಿ ನನ್ನನ್ನೇ ನೋಡಿದ. ಕಾಲುಚೀಲ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದ. ಪಕ್ಕದವರು ಮೂಗಿಗೆ ಕರ್ಚೀಫು ಹಿಡಿದು ಸರಿದು ಕೂತದ್ದು ನಾನು ನಿಂತಲ್ಲಿಗೇ ಕಂಡಿತು. ಹನ್ನೆರಡನೆಯ ಹೆಸರೂ ಮುಗಿಯಿತು. ಅಪ್ಪ ಕಾಲುಚೀಲವನ್ನು ಮೆಲ್ಲಗೆ ಮತ್ತೆ ಹಾಕಿಕೊಂಡ.

ಆ ದಿನ ಓದುವ ಬೈಬಲಿನ ಶುಭಸಂದೇಶವನ್ನು ಎಷ್ಟು ವರ್ಷ ಕೇಳಿದ್ದೇನೆ, ಮಕ್ಕಳಿಗೆ ಎಷ್ಟು ಸಲ ಬಿಡಿಸಿ ಹೇಳಿದ್ದೇನೆ! ಊಟಕ್ಕೆ ಕೂತವರೆಲ್ಲ ದಾರಿಯ ಧೂಳು ಮೆಟ್ಟಿ ಬಂದವರು. ಯೇಸು ಮೇಲುಹೊದಿಕೆ ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಸುತ್ತಿ, ಬೋಗುಣಿಗೆ ನೀರು ಹಾಕಿಕೊಂಡ. ಹೋಗಿ ಕಾಲು ಸ್ವಚ್ಛ ಮಾಡಿಕೊಂಡು ಬನ್ನಿ ಎಂದು ಯಾರಿಗೂ ಹೇಳಲಿಲ್ಲ. ತನ್ನನ್ನು ಹಿಡಿದುಕೊಡಲಿದ್ದವನ ಕಾಲನ್ನೂ ಬಿಡದೆ ತೊಳೆದ. ಸ್ವಚ್ಛ ಮಾಡಿಕೋ ಎಂದು ಹೆತ್ತಪ್ಪನನ್ನು ಬಚ್ಚಲಿಗೆ ಅಟ್ಟಿದ ಭಕ್ತ ನಾನು.

ಮನೆಗೆ ಬಂದು ಕಾಲುಚೀಲ ತೆಗೆಸಿದ ಹೆಂಡತಿ ಚೀರಿಕೊಂಡಳು. ಬ್ಲೇಡು ತಾಗಿದ ಬಲಗಾಲಿನ ಹಿಮ್ಮಡಿ ಕೊಳೆತು, ಬೆರಳುಗಳು ಕಪ್ಪಾಗಿದ್ದವು.

"ನೋವಾಗ್ಲಿಲ್ಲೇನು ಯಪ್ಪಾ?" ಎಂದೆ.

"ಇಲ್ಲಪಾ. ಗೊತ್ತೇ ಆಗ್ಲಿಲ್ಲ."

ಶುಕ್ರವಾರ ಬೆಳಿಗ್ಗೆ ರಾಯಚೂರಿನ ಆಸ್ಪತ್ರೆಗೆ ಒಯ್ದೆವು. ವಿಷ ಮೇಲೇರುತ್ತಿದೆ, ಕಾಲು ತೆಗೆಯದಿದ್ದರೆ ಜೀವ ಉಳಿಯದು ಎಂದರು ಡಾಕ್ಟರು. ಶನಿವಾರ ಮೊಣಕಾಲಿನ ಕೆಳಗೆ ಕತ್ತರಿಸಿದರು. ವಾರ್ಡಿನವನು ಬಂದು, "ಕಾಲು ನೀವು ಒಯ್ತೀರೋ, ನಾವ ಸುಡೂಣೋ?" ಎಂದು ಕೇಳಿದ. ಅದನ್ನು ಚೀಲದಲ್ಲಿಟ್ಟುಕೊಂಡು ಮಾನ್ವಿಯ ಬಸ್ಸು ಹತ್ತುವುದನ್ನು ನೆನೆದೆ. ಸುಡಿ ಎಂದು ಸಹಿ ಹಾಕಿದೆ. ಆ ಹೊತ್ತಿನಲ್ಲೂ ಬಸ್ಸಿನ ಜನ ಏನೆಂದಾರು ಎಂಬುದೇ ನನ್ನ ಚಿಂತೆ.

ಈಸ್ಟರಿನ ಬೆಳಿಗ್ಗೆ ಅಪ್ಪನಿಗೆ ಸರಿಯಾಗಿ ಎಚ್ಚರವಾಯಿತು. ಚಾದರದ ಮೇಲೆ ಕೈಯಾಡಿಸಿ ನೋಡಿಕೊಂಡ. ಅಳಲಿಲ್ಲ.

"ಕಾಲು ಎಲ್ಲಿ ಹಾಕಿದ್ರಪಾ?"

"ನಮ್ಮ ಸಮಾಧಿ ಜಾಗದಾಗ ಹೂಳೀವಿ. ಫಾದರ್ ಬಂದು ಪ್ರಾರ್ಥನಿ ಮಾಡಿದ್ರು."

"ಮುಟ್ಟಿದ್ರೇನು ಅವ್ರು?"

"ಹೂಂ ಯಪ್ಪಾ. ನೀರು ಹಾಕಿ ತೊಳದು, ಒರಿಸಿ, ಮುತ್ತು ಕೊಟ್ರು."

ನನ್ನ ಬಾಯಿಗೆ ಹುಳ ಬೀಳಬೇಕಿತ್ತು. ಅಪ್ಪನ ಮುಖ ಅರಳಿಬಿಟ್ಟಿತು. ಅವತ್ತು ಪಕ್ಕದ ಹಾಸಿಗೆಯವರಿಗೆ, ನರ್ಸಿಗೆ, ಕಸ ಗುಡಿಸುವಾಕೆಗೆ, ಎಲ್ಲರಿಗೂ ಕರೆಕರೆದು ಅದನ್ನೇ ಹೇಳಿದ.

ಸೋಮವಾರ ಫಾದರ್ ಪರಮಪ್ರಸಾದ ತೆಗೆದುಕೊಂಡು ಬಂದರು. ಬಾಗಿಲಲ್ಲೇ ತಡೆದು ಎಲ್ಲ ಹೇಳಿಬಿಡಬೇಕಿತ್ತು. ಧೈರ್ಯ ಸಾಲಲಿಲ್ಲ. ಅವರನ್ನು ಕಂಡದ್ದೇ ಅಪ್ಪ ಮಲಗಿದಲ್ಲಿಂದಲೇ ಕೈ ಜೋಡಿಸಿದ.

"ತಪ್ಪಾತ್ರೀ ಫಾದರ್. ಅಂಥಾ ಹೊಲಸು ಕಾಲು ನಿಮ್ಮ ಕೈಲೆ ಮುಟ್ಟಿಸಿದೆ. ಇನ್ನೊಂದೀಟು ತಿಕ್ಕಬೇಕಿತ್ತು, ಕೈಯಾಗ ಕಸುವು ಇರ್ಲಿಲ್ರಿ."

ಫಾದರ್ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ. ಅವರು ಅಪ್ಪನ ಜೋಡಿಸಿದ ಕೈಗಳನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತರು.

ಕಾಲು ತೆಗೆದರೂ ವಿಷ ಇಳಿಯಲಿಲ್ಲ, ಬುಧವಾರ ಅಪ್ಪ ತೀರಿಕೊಂಡ. ಕ್ಷಮೆ ಕೇಳಬೇಕಾದವನು ನಾನು. ಮಂಗಳವಾರವಿಡೀ ಅವನ ಪಕ್ಕದಲ್ಲೇ ಕೂತಿದ್ದೆ, ಕೇಳಲಿಲ್ಲ.