ಹನ್ನೊಂದನೇ ನಂಬರಿನ ಪದ್ಯ

ಕೇಪ್ ಬ್ರೆಟನ್ನಿನ ಕಲ್ಲಿದ್ದಲು ಗಣಿಯಲ್ಲಿ, ಕೆಳಗಿಳಿಯುವವರ ಕೈಗೆ ಮೂವತ್ತೊಂದು ವರ್ಷ ದೀಪ ಕೊಟ್ಟ ಹೆಕ್ಟರ್ ಗಿಲ್ಲಿಸ್ ಕವಿಯೂ ಆಗಿದ್ದ. ಅವನ ಎರಡು ಪುಸ್ತಕ ಟೊರೊಂಟೊದಲ್ಲಿ ಅಚ್ಚಾಗಿದ್ದವು. ಊರಿನಲ್ಲಿ ಅವನ್ನು ಪೂರ್ತಿ ಓದಿದವಳು ಹೆಂಡತಿ ಫ್ಲೋರಾ ಒಬ್ಬಳೇ. ಉಳಿದವರು ಮುಖಪುಟ ನೋಡಿಯೇ ಭೇಷ್ ಎಂದವರು. ೧೯೬೭ರ ಮಾರ್ಚಿನಲ್ಲಿ ಫ್ಲೋರಾ ತೀರಿಕೊಂಡಳು.

ಮೂರು ದಿನ ಕೂತು ಅವಳ ಮೇಲೆ ಹದಿನಾಲ್ಕು ಸಾಲು ಬರೆದು, ಹೆಕ್ಟರ್ ಊರಿನ ಪತ್ರಿಕೆಯ ಕಚೇರಿಗೆ ಒಯ್ದ. ಮರಣವಾರ್ತೆ ತೆಗೆದುಕೊಳ್ಳುವ ಬರ್ನಡೆಟ್ ಎರಡು ಸಲ ಓದಿ ಮುಖ ಸಿಂಡರಿಸಿದಳು.

"ಪ್ರಾಸಾನೇ ಇಲ್ವಲ್ರೀ ಹೆಕ್ಟರ್! ಅಡುಗೆಮನೆ ಕಿಟಕಿ, ಬೂದಿ ಬಕೆಟ್ಟು... ಸತ್ತೋರ ಬಗ್ಗೆ ಹೀಗೆಲ್ಲ ಬರೀತಾರಾ? ಸುಮ್ನೆ ಹನ್ನೊಂದು ಹಾಕ್ಸಿ. ನಮ್ಮಮ್ಮಂಗೂ ಅದನ್ನೇ ಹಾಕ್ಸಿದ್ದು."

ಮರಣವಾರ್ತೆಯ ಜೊತೆ ಹಾಕಿಸಲೆಂದು ನಂಬರು ಕೊಟ್ಟಿಟ್ಟ ಮಾದರಿ ಪದ್ಯಗಳ ಪುಸ್ತಕವನ್ನು ಅವಳು ಅವನತ್ತ ತಿರುಗಿಸಿದಳು. ಹನ್ನೊಂದನೆಯದರಲ್ಲಿ ಬಂಗಾರದ ಬಾಗಿಲಿತ್ತು, ದೇವದೂತರಿದ್ದರು. ಇಪ್ಪತ್ತರ ಪ್ರಾಯದಲ್ಲಿ, ಗುರುತಿಲ್ಲದ ಯಾರದೋ ಅಜ್ಜಿಗಾಗಿ, ಇದೇ ಮೇಜಿಗೆ ಒರಗಿ ಹೆಕ್ಟರನೇ ಗೀಚಿಕೊಟ್ಟದ್ದು ಅದು. ಹೇಳಿಬಿಡೋಣ ಎನಿಸಿತು. ಹೇಳಿ ಆಗಬೇಕಾದದ್ದೇನು?

"ಅದನ್ನೇ ಹಾಕಮ್ಮ" ಎಂದ.

ಭಾನುವಾರ ಇಗರ್ಜಿಯ ಬಾಗಿಲಲ್ಲಿ ಗಣಿಯ ಹಳೆಯ ಗೆಳೆಯ ರೋರಿ ಅವನ ಕೈ ಹಿಡಿದುಕೊಂಡು ಗಳಗಳನೆ ಅತ್ತುಬಿಟ್ಟ.

"ಒಳ್ಳೇ ಪದ್ಯ ಹಾಕ್ಸಿದೆ ಕಣೋ. ಅದನ್ನ ಬರ್ದೋನು ಕವಿ ಅಂದ್ರೆ ಕವಿ! ನೀನೂ ಅಂಥದ್ದೊಂದು ಬರ್ದಿದ್ರೆ, ಪಾಪ, ಫ್ಲೋರಾ ಎಷ್ಟು ಹಿಗ್ತಿದ್ಲೋ."