ಗುರುತು ಹಾಕದೆ ಹೋದ ಪಾವಗಡದ ಅಕ್ಕ

ನಾನು ಗಿರಣಿ ಬಾಗಿಲಲ್ಲಿ ನಿಂತು, ಬಂದವರಿಗೆ ಕುರಿ ಮದ್ದಿನ ಬುಕ್ಕು ಓದಿ ಹೇಳುತ್ತಿದ್ದೆ. ರಾಗಿ ಬೀಸಿಸಲು ಬಂದಿದ್ದ ಹೆಂಗಸೊಬ್ಬಳು ಕೈ ಅಡ್ಡ ಹಿಡಿದು, "ಅಲ್ಲೇ ನಿಲ್ಸು ತಲ್ಲೀ" ಅಂದಳು.

ನಿಲ್ಲಿಸಬೇಕಾ? ಅದು ನಮ್ಮಪ್ಪನ ಮದ್ದು!

ಎಂಬತ್ತರ ದಶಕದ ಶುರು. ದೊಡ್ಡೇರಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಬಾಗಿಲ ಪಕ್ಕದ ಮೊಳೆಗೆ ದಾರ ಕಟ್ಟಿ ಒಂದು ನೋಟ್‌ಬುಕ್ ತೂಗುಹಾಕಿದ್ದೆ. ಕುರಿ ಕಾಯಿಲೆಗೆ ಮದ್ದು ಗೊತ್ತಿದ್ದವರು ಬರೆಸಬಹುದು, ಬೇಕಾದವರು ನಕಲು ಮಾಡಿಕೊಳ್ಳಬಹುದು.

ಇದಕ್ಕೆ ಈಗಿನ ಹುಡುಗರು ಓಪನ್ ಸೋರ್ಸ್ ಅಂತಾರಂತೆ. ನಮಗೆ ಅದು ಬರೀ ಕುರಿ ಬುಕ್ಕು.

ಹೆಚ್ಚಿನವರಿಗೆ ಬರೆಯಲು ಬಾರದು. ಹಾಗಾಗಿ ಮದ್ದನ್ನು ನಾನು ಬರೆಯುವುದು, ಹೇಳಿದವರು ಸಹಿಯ ಬದಲು ತಮ್ಮ ಕುರಿಯ ಕಿವಿ ಗುರುತು ಬಿಡಿಸುವುದು. ಮಂದೆಗಳು ಕಲೆತುಹೋದರೆ ತಿಳಿಯಲಿ ಅಂತ ಒಂದೊಂದು ಮನೆಯವರು ಕುರಿಯ ಕಿವಿಯನ್ನು ಒಂದೊಂದು ಥರ ಕತ್ತರಿಸಿರುತ್ತಾರಲ್ಲ, ಅದೇ. ದಪ್ಪ ಮೀಸೆಯವರೂ ನಾಲಿಗೆ ಕಚ್ಚಿಕೊಂಡು ಪೆನ್ಸಿಲ್ ತೀಡುತ್ತಿದ್ದರು...

ಸಿರಾದ ಕುರಿ ವ್ಯಾಪಾರಿ ಸಾಬರು ಬರೆಸಿದರು, ಕೊರಟಗೆರೆ ಕಡೆಯವರು ಬರೆಸಿದರು. ಯಾರು ಬಂದರೂ ಮೊದಲು ಕೂರಿಸಿ ನೀರು ಕೊಡುತ್ತಿದ್ದೆ. ಆ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮೊದಲ ಪುಟ ಮಾತ್ರ ಅಪ್ಪನದು. ಅವರು ತೀರಿಕೊಂಡ ಮೇಲೆ, ಅವರ ಮಾತು ಮರೆತುಹೋಗದಿರಲಿ ಅಂತಲೇ ಬುಕ್ಕು ಶುರು ಮಾಡಿದ್ದು. ಜಂತುಹುಳಕ್ಕೆ ಹೊಗೆಸೊಪ್ಪು ನೆನೆಸಿದ ನೀರು ಕುಡಿಸಬೇಕು ಅಂತ ಅದರಲ್ಲಿತ್ತು.

ಆಕೆ ಪಾವಗಡದ ಕಡೆಯವಳು, ಮಾತಿನ ನಡುವೆ ತೆಲುಗು ನುಸುಳುತ್ತಿತ್ತು. ಗೊಬ್ಬರಕ್ಕೆ ಅಂತ ನಮ್ಮೂರ ಹೊಲದಲ್ಲಿ ಮಂದೆ ನಿಲ್ಲಿಸಿದ್ದರು.

"ದೊಡ್ಡ ಕುರಿಗೆ ಸರಿ ಕಣಮ್ಮ. ಹಾಲು ಕುಡಿಯೋ ಮರಿಗೆ ಹುಯ್ಯಬ್ಯಾಡಿ ಅಂತ ಬರಿ. ಸತ್ತೋಯ್ತವೆ."

"ನಮ್ಮಪ್ಪನಿಗೆ ಗೊತ್ತಿರ್ಲಿಲ್ವಾ? ತಪ್ಪು ಹೇಳವ್ರಾ?" ಅಂದೆ.

"ತಪ್ಪು ಅಂದ್ನಾ ತಲ್ಲೀ? ಇನ್ನೊಂದು ಗೀಟು ಸೇರ್ಸು ಅಂದೆ, ಅಷ್ಟೇ."

ಅಷ್ಟು ಹೊತ್ತಿಗೆ ಗುರುತು ಹಾಕಲು ಪೆನ್ಸಿಲ್ ಕೂಡ ಹಿಡಿದಿದ್ದಳು. ನಾನು ಬುಕ್ಕು ಮುಚ್ಚಿಬಿಟ್ಟೆ. ಆಕೆ ಪೆನ್ಸಿಲ್ ಕೆಳಗಿಟ್ಟು, ಹಿಟ್ಟಿನ ಚೀಲ ಹೊತ್ತು ಹೊರಟಳು. ಅವತ್ತು ನೀರೂ ಕೊಡಲಿಲ್ಲ ನಾನು.

ಮಂದೆ ಹೋಗಿ ಒಂದು ತಿಂಗಳಾಗಿರಬಹುದು. ಹಿಂದಿನ ಬೀದಿಯ ನಾಗಣ್ಣ ಬುಕ್ಕಿನಿಂದ ನಕಲು ಮಾಡಿಕೊಂಡು ಹೋಗಿ ಎರಡು ಮರಿಗೆ ಹುಯ್ದ. ಸಂಜೆಗೆ ಎರಡೂ ಸತ್ತವು.

ಆತ ಬೈಯಲಿಲ್ಲ. ಬಾಗಿಲಲ್ಲಿ ನಿಂತು, "ಬುಕ್ನಾಗೆ ಇದ್ದಂಗೇ ಹುಯ್ದೆ ಕಣಮ್ಮ" ಅಂದ, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಅವತ್ತೇ ಅಪ್ಪನ ಮಾತಿನ ಕೆಳಗೆ ಆಕೆಯ ಮಾತು ಬರೆದೆ. ಪಕ್ಕದಲ್ಲಿ ಗುರುತಿಗೆ ಜಾಗ ಬಿಟ್ಟೆ. ಅಪ್ಪ ಇದ್ದಿದ್ದರೆ ಆಕೆಯನ್ನು ಕೂರಿಸಿಕೊಂಡು ಇನ್ನೂ ನಾಲ್ಕು ಮದ್ದು ಕೇಳಿಕೊಳ್ಳುತ್ತಿದ್ದರು ಅನ್ನಿಸಿ ಅಳು ಬಂತು.

ಮುಂದಿನ ಬೇಸಿಗೆಗೆ ಪಾವಗಡದ ಮಂದೆಗಳು ಬಂದವು. ನಾನು ಗಿರಣಿ ಬಿಟ್ಟು ಹೊಲ ಹೊಲ ಸುತ್ತಿದೆ. ಆಕೆ ಇಲ್ಲ.

ಹೆಸರು ಕೇಳಿರಲಿಲ್ಲ, ಊರೂ ಕೇಳಿರಲಿಲ್ಲ. ಒಬ್ಬ ಮುದುಕರು, "ಕಿವಿ ಗುರುತು ಹೇಳಮ್ಮ, ಯಾರ ಮನೆಯೋರು ಅಂತ ಈಗ್ಲೇ ಹೇಳ್ತೀನಿ" ಅಂದರು.

ಏನು ಹೇಳಲಿ... ಬಿಡಿಸಲು ಬಿಟ್ಟಿದ್ದರೆ ತಾನೇ?

ಅದರ ಮುಂದಿನ ಬೇಸಿಗೆಯೂ ಸುತ್ತಿದೆ. ಆಮೇಲೂ. ಗಿರಣಿ ನಿಂತು ಎಷ್ಟೋ ಕಾಲವಾಯಿತು. ಈಗಲೂ ರಸ್ತೆಯಲ್ಲಿ ಮಂದೆ ಅಡ್ಡ ಬಂದರೆ ಹಿಂದೆ ನಡೆಯುವ ಹೆಂಗಸರ ಮುಖ ನೋಡುತ್ತೇನೆ. ಆಕೆಗೆ ಈಗ ಎಷ್ಟು ವಯಸ್ಸಾಗಿರಬೇಕು ಅನ್ನುವ ಲೆಕ್ಕವೂ ನನ್ನ ಕಣ್ಣಿಗಿಲ್ಲ, ಅವತ್ತಿನ ಅದೇ ಮುಖ ಹುಡುಕುತ್ತದೆ.

ಪಾವಗಡದ ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು ಹೇಳಿ... ದೊಡ್ಡೇರಿಯ ಗಿರಣಿ ಹುಡುಗಿಯೊಬ್ಬಳ ಸೊಕ್ಕನ್ನು ನಿಮ್ಮ ಅಜ್ಜಿ ಯಾವತ್ತಾದರೂ ಬೈದುಕೊಂಡದ್ದು ಕೇಳಿದ್ದೀರಾ?