ಅಟ್ಟಕ್ಕೆ ಹಾಕಿದ ಕಾಯಿ

ಮೊನ್ನೆ ಭಾನುವಾರ ನಮ್ಮ ಯಜಮಾನರು ಅಟ್ಟದಿಂದ ತೆಂಗಿನಕಾಯಿಗಳನ್ನು ಇಳಿಸಿದರು. ಅರಸೀಕೆರೆಯವರಿಗೆ ಇದೇನು ಹೊಸ ಕೆಲಸವಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮರೆತುಬಿಟ್ಟರೆ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ತಿಳಿಯಲು ಒಡೆಯಬೇಕಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನುತ್ತದೆ. ನಾನೂ ಒಂದನ್ನು ಎತ್ತಿ ಅಲ್ಲಾಡಿಸಿದೆ. ಲೊಡ ಅಂದಿತು. ಈ ಕಾಯಿಗಳನ್ನು ಕಳೆದ ವರ್ಷ ಮುಂದೆ ನಿಂತು ಅಟ್ಟಕ್ಕೆ ಹಾಕಿಸಿದ್ದು ನಮ್ಮ ಮಾವ. ಇಳಿಸುವ ಹೊತ್ತಿಗೆ ಮಾವ ಇಲ್ಲ.

ಮಾವನ ವಿಷಯ ಹೇಳಲು ಹೊರಟರೆ ನನ್ನ ಓಟದ ವಿಷಯ ಅಡ್ಡ ಬರುತ್ತದೆ, ಸಹಿಸಿಕೊಳ್ಳಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನಗೆ ನಲವತ್ತು ದಾಟಿದ ಮೇಲೆ ಓಡುವ ಹುಚ್ಚು ಹಿಡಿಯಿತು. ವಾರವೆಲ್ಲ ಊರ ಪಕ್ಕದ ಮಾಲೇಕಲ್ಲು ಬೆಟ್ಟದ ರಸ್ತೆ. ಭಾನುವಾರ ಯಜಮಾನರು ಬೈಕಿನಲ್ಲಿ ಹಳೇಬೀಡಿಗೆ ಕರೆದುಕೊಂಡು ಹೋಗಿ ಬಿಟ್ಟರೆ ಅಲ್ಲಿಂದ ಬೇಲೂರಿನವರೆಗೆ ಓಡುವುದು. ಎರಡು ದೊಡ್ಡ ದೇವಸ್ಥಾನಗಳ ನಡುವಿನ ದಾರಿ ಎಷ್ಟು ಚಂದವೋ ಅಂದುಕೊಳ್ಳಬೇಡಿ, ನನ್ನ ಕಣ್ಣಿಗೆ ಬೀಳುತ್ತಿದ್ದುದು ಮೈಲಿಗಲ್ಲು ಮತ್ತು ನಾಯಿಗಳು ಮಾತ್ರ. ಹಾಲಿನ ಕ್ಯಾನು ಕಟ್ಟಿಕೊಂಡು ಬರುವವರು ಬೈಕು ನಿಧಾನ ಮಾಡಿ, "ಬಸ್ ತಪ್ಪೋಯ್ತಾ ಮೇಡಂ? ಹತ್ಕಳಿ, ಬಿಡ್ತೀನಿ" ಅನ್ನುವರು. ಇಲ್ಲ, ಸುಮ್ಮನೆ ಓಡ್ತಿದೀನಿ ಅಂದರೆ ನನ್ನ ಹಿಂದೆ ಬಗ್ಗಿ ನೋಡುವರು, ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೇನೋ ಎಂದು.

ನಾನು ಬೆಂಗಳೂರಿನ ಮ್ಯಾರಥಾನಿಗೆ ಹೆಸರು ಕೊಟ್ಟ ವರ್ಷವೇ ಅತ್ತೆ ತೀರಿಕೊಂಡರು. ಅಲ್ಲಿಂದ ಮಾವನ ಊಟ ಎರಡು ತುತ್ತಿಗೆ ಇಳಿಯಿತು. ಒಂದು ಕಾಲಕ್ಕೆ ಕೊಬ್ಬರಿ ಮಂಡಿಯಿಂದ ಬಂದವರೇ ಎರಡು ಮುದ್ದೆ ಮುರಿಯುತ್ತಿದ್ದವರು. ಈಗ ತಟ್ಟೆ ಮುಂದಿಟ್ಟರೆ, "ಸೇರಕಿಲ್ಲ ಕಣಮ್ಮ" ಎಂದು ಕೈ ತೊಳೆದು ಎದ್ದುಬಿಡುವರು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಏನೂ ತೊಂದರೆಯಿಲ್ಲ ಅಂದರು. ಅದೇ ನಮಗೆ ಹೆದರಿಕೆ. ಕಾಯಿಲೆಯಾದರೆ ಮಾತ್ರೆ ಕೊಡಬಹುದು. ಅಂಗಿಯ ಹೆಗಲು ಜೋತುಬೀಳುವುದನ್ನು ನೋಡುತ್ತ, ಇವರೂ ಅತ್ತೆಯ ಹಿಂದೆಯೇ ಹೊರಟರಲ್ಲ ಎಂದು ನಾನೂ ಯಜಮಾನರೂ ಒಳಗೊಳಗೇ ಬೇಯುತ್ತಿದ್ದೆವು.

ಓಟಕ್ಕೆ ಕೆಲವೇ ವಾರ ಉಳಿದಿದ್ದವು. ಒಂದು ಬೆಳಗ್ಗೆ ಓಟದಿಂದ ಬೇಗ ಮನೆಗೆ ಬಂದ ನನ್ನನ್ನು ನೋಡಿ ಜಗಲಿಯಲ್ಲಿದ್ದ ಮಾವ ಗಾಬರಿಯಾದರು.

"ಯಾಕಮ್ಮ, ಮೈ ಉಸಾರಿಲ್ವಾ?"

"ಚೆನ್ನಾಗಿದೀನಿ ಮಾವ. ಕೊನೇ ವಾರಗಳಲ್ಲಿ ಓಡೋದು ಕಮ್ಮಿ ಮಾಡ್ಬೇಕು, ತಿನ್ನೋದು ಜಾಸ್ತಿ ಮಾಡ್ಬೇಕು. ಆಗಲೇ ಕಾಲಿಗೆ ಶಕ್ತಿ ಸೇರೋದು."

ಇದೆಂಥ ಪಂದ್ಯ ಎಂದು ನಗುತ್ತಾರೆ ಅಂದುಕೊಂಡೆ. ಮಾವ ಅಟ್ಟದ ಕಡೆ ಕತ್ತೆತ್ತಿದರು. "ಸರಿ ಬಿಡು. ನಿನ್ನ ಈಗ ಅಟ್ಟಕ್ಕೆ ಹಾಕವ್ರೆ. ಇನ್ನು ಮುಟ್ಟಬಾರದು, ತಾನಾಗೇ ಆಯ್ತದೆ."

ಎಷ್ಟೋ ದಿನಗಳ ಮೇಲೆ ಮಾವ ಅಷ್ಟು ಉದ್ದ ಮಾತಾಡಿದ್ದರು. ನನಗೆ ಆಗಲೇ ಅತ್ತೆಯ ಕಟ್ಟಳೆ ನೆನಪಾಯಿತು. ಮಾವನ ತಟ್ಟೆಗೆ ಬಡಿಸದೆ ಸೊಸೆ ತುತ್ತು ಎತ್ತಬಾರದು ಎಂಬುದು ಅವರು ನಡೆಸಿಕೊಂಡು ಬಂದ ಪದ್ಧತಿ. ಸ್ಕೂಲಿನ ಗಡಿಬಿಡಿಯಲ್ಲಿ ನಾನದನ್ನು ಎಂದೋ ಗಾಳಿಗೆ ತೂರಿದ್ದೆ. ಈಗ ಪರಮ ಸಂಪ್ರದಾಯಸ್ಥಳಾದೆ. ಓಟಗಾರರು ಹೊತ್ತುಹೊತ್ತಿಗೆ ತಿನ್ನಬೇಕಲ್ಲ, ಪ್ರತಿ ಸಲವೂ ಎರಡು ತಟ್ಟೆ ಹಿಡಿದು ಮಾವನ ಮುಂದೆ ನಿಲ್ಲುವುದು. "ನೀವು ತಿಂದ್ರೆ ನಾನು ತಿಂತೀನಿ ಮಾವ. ಅತ್ತೆ ಹೇಳಿಕೊಟ್ಟಿದ್ದು ಬಿಡೋಕಾಗುತ್ತಾ?"

"ಈಗ ಬಂತಾ ನೆಪ್ಪು ನಿಮ್ಮತ್ತೇದು?" ಎಂದು ಗದರಿದರೂ ನಾನು ಹಸಿದಿರಬಾರದೆಂದು ಒಂದು ತುತ್ತು ಹಾಕಿಕೊಳ್ಳುವರು. ಒಂದು ಎರಡಾಯಿತು. ಹುರುಳಿಕಾಳಿನ ಬಸ್ಸಾರು, ರಾಗಿ ರೊಟ್ಟಿ, ಸಂಜೆಗೆ ಬಾಳೆಹಣ್ಣು. ಎದುರು ಬದುರು ಕೂತು ತಿನ್ನುತ್ತ ನಾವು ಅತ್ತೆಯ ಕೈರುಚಿಯಿಂದ ಹಿಡಿದು ಊರಿನ ಎಲ್ಲರ ಯೋಗಕ್ಷೇಮದವರೆಗೂ ಮಾತಾಡಿದೆವು. ಕೊನೆಯ ವಾರ ಮುದ್ದೆ ನಿಲ್ಲಿಸಿ ಅನ್ನವೇ ಹೆಚ್ಚು ತಿನ್ನಬೇಕು ಅಂದಾಗ ಮಾತ್ರ ದೊಡ್ಡ ಜಗಳವಾಯಿತು. "ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅಂತಾರೆ. ನೀನು ಅನ್ನ ಉಂಡು ಏನು ಕಿತ್ತಿಡ್ತೀಯಾ?" ಎಂದು ಕೇಳಿದರು. ಕೇಳಿ ತಾವೂ ಅನ್ನವನ್ನೇ ಕಲಸಿಕೊಂಡರು.

ಎಲ್ಲ ಸರಿಹೋಗುತ್ತಿದೆ ಅನ್ನುವಾಗಲೇ ಎಡವಟ್ಟಾಯಿತು. ನಾನು ಬೆಂಗಳೂರಿಗೆ ಹೊರಡುವ ದಿನ ಬೆಳಗ್ಗೆ ಅಡುಗೆಮನೆಗೆ ಹೋದರೆ ಮಾವ ಬಾಗಿಲಲ್ಲೇ ಕೂತಿದ್ದಾರೆ. "ಒಲೆ ಹಚ್ಚಬೇಡಮ್ಮ" ಅಂದರು. ನಾವು ಲಿಂಗ ಕಟ್ಟಿದವರಾದರೂ ಅತ್ತೆ ವರ್ಷಕ್ಕೊಮ್ಮೆ ಹರಕೆ ಹೊತ್ತು ನಾಮದ ದೇವರಿರುವ ಮಾಲೇಕಲ್ಲು ಬೆಟ್ಟ ಹತ್ತುತ್ತಿದ್ದರು, ಅದೂ ಉಪವಾಸವಿದ್ದು. ನನ್ನ ಓಟವನ್ನೂ ಮಾವ ಅದೇ ಲೆಕ್ಕಕ್ಕೆ ಸೇರಿಸಿದ್ದರು.

"ಹೊಟ್ಟೆ ತುಂಬಿಸ್ಕೊಂಡು ಯಾರಾದ್ರೂ ಬೆಟ್ಟ ಹತ್ತಾರಾ?"

"ಇವತ್ತೇ ಮಾವ, ಚೆನ್ನಾಗಿ ತಿನ್ನಬೇಕಾಗಿರೋದು!"

ಮಾವ ಬಾಗಿಲು ಬಿಟ್ಟು ಎದ್ದರು. "ಹಂಗಾದ್ರೆ ನೀನು ಉಣ್ಣು, ಓಡು. ಉಪವಾಸ ನಾನಿರ್ತೀನಿ. ನೀನು ಮುಗಿಸ್ದೆ ಅಂತ ಸುದ್ದಿ ಬಂದ ಮ್ಯಾಕೆ ಉಣ್ತೀನಿ. ನಿಮ್ಮತ್ತೆ ಇದ್ದಿದ್ರೆ ಮಾಡೋಳು."

ಕಟ್ಟಳೆ ನೆನಪಿಸಿದೆ, ಬೇಡಿಕೊಂಡೆ, ಕಣ್ಣೀರೂ ಹಾಕಿದೆ. ಜಗ್ಗಲಿಲ್ಲ. ತುತ್ತಿಗೆ ತುತ್ತು ಸೇರಿಸಿ ಉಳಿಸಿಕೊಂಡ ಜೀವ ನನ್ನ ಓಟಕ್ಕೇ ಬಲಿಯಾದರೆ ಎಂದು ಹೆದರಿ, ಹೋಗುವುದೇ ಬೇಡವೆಂದು ಚೀಲ ಕೆಳಗಿಟ್ಟೆ. ಮಾವ ಅದನ್ನು ಎತ್ತಿ ಮಗನ ಕೈಗೆ ಕೊಟ್ಟು, "ಸ್ಟೇಷನ್‌ಗೆ ಬಿಟ್ಬಾರ್ಲಾ ಇವಳ್ನ" ಅಂದರು.

ಮಾರನೆಯ ಬೆಳಗ್ಗೆ ಅಷ್ಟೊಂದು ಜನರ ನಡುವೆ ಓಡಿದೆ. ಮೂವತ್ತು ಕಿಲೋಮೀಟರ್ ದಾಟುವವರೆಗೂ ಕಾಲುಗಳು ನನ್ನ ಮಾತು ಕೇಳಿದವು. ಆಮೇಲೆ ಕೊರಡಾದವು. ಬಿಟ್ಟುಕೊಟ್ಟವರನ್ನು ಹತ್ತಿಸಿಕೊಳ್ಳಲು ವ್ಯಾನೊಂದು ನಿಂತಿತ್ತು. ಅದರ ಬಾಗಿಲು ತೆರೆದೇ ಇತ್ತು. ಹತ್ತಿದರೆ ಮಾವನಿಗೆ ಏನೆಂದು ಹೇಳುವುದು? ಸುಳ್ಳು ಹೇಳಿ ಉಣ್ಣಿಸಬಹುದಿತ್ತು ನಿಜ, ಆದರೆ ಆ ಮನುಷ್ಯನಿಗೆ ಸುಳ್ಳು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ನಡೆದೆ, ಓಡಿದೆ, ಮತ್ತೆ ನಡೆದೆ. ಮುಗಿಸಿದೆ. ಕೊರಳಿಗೆ ಹಾಕಿದ ಪದಕವನ್ನೂ ನೋಡದೆ ಮನೆಗೆ ಫೋನ್ ಮಾಡಿದೆ.

"ಮಾವ, ಮುಗೀತು! ಊಟ ಮಾಡಿ, ಮೊದಲು ಊಟ ಮಾಡಿ!"

ಆ ಕಡೆಯಿಂದ ತುಂಬಿದ ಬಾಯಿಯ ದನಿ ಬಂತು.

"ತಡಿಯಮ್ಮ, ಬಾಯಾಗೆ ಐತೆ. ನಿನ್ನ ಗಂಡ ಉಪ್ಪಿಟ್ಟು ಮಾಡವ್ನೆ, ಉಪ್ಪು ಜಾಸ್ತಿ. ಆದ್ರೂ ಎರಡನೇ ಸಲ ಹಾಕಿಸ್ಕೊಂಡೆ." ನುಂಗಿದ ಮೇಲೆ ನಾಚಿಕೊಂಡವರಂತೆ ಸೇರಿಸಿದರು, "ನಿನ್ನ ಫೋನು ಬರೋಗಂಟ ಕಾಯಾಕೆ ಆಗ್ಲಿಲ್ಲ ಕಣಮ್ಮ. ಬೋ ಹಸಿವಾಗೋಯ್ತು."

ಅತ್ತೆ ಹೋದ ಮೇಲೆ ಮಾವನ ಬಾಯಲ್ಲಿ ಹಸಿವು ಎಂಬ ಮಾತು ಬಂದದ್ದು ಅದೇ ಮೊದಲು. ಫುಟ್‌ಪಾತಿನ ಮೇಲೆ ಕೂತು ಗಳಗಳನೆ ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಕಾಲು ಉಳುಕಿತಾ ಆಂಟಿ ಎಂದು ಔಷಧಿ ಹಿಡಿದು ಓಡಿಬಂದಳು.

ಅದಾದ ಮೇಲೆ ಮಾವ ಕೆಲವು ವರ್ಷ ಚೆನ್ನಾಗಿ ಉಂಡು, ನನ್ನ ಇನ್ನೆರಡು ಓಟಗಳಿಗೂ ತಯಾರಿ ಮಾಡಿಸಿ, ಈ ವರ್ಷ ಬೇಸಿಗೆಯಲ್ಲಿ ಮಲಗಿದ್ದಲ್ಲೇ ಹೋದರು. ಮುಂದಿನ ತಿಂಗಳು ಮತ್ತೆ ಮ್ಯಾರಥಾನ್ ಇದೆ. ಓಡುವುದನ್ನು ಕಡಿಮೆ ಮಾಡಿದ್ದೇನೆ, ತಿನ್ನುವುದನ್ನು ಮಾತ್ರ ಮೊನ್ನೆಯವರೆಗೆ ಹೆಚ್ಚಿಸಲಾಗಿರಲಿಲ್ಲ. ಅನ್ನ ಎರಡು ತುತ್ತಿಗೇ ಸಾಕಾಗುತ್ತಿತ್ತು. ಯಜಮಾನರು ನನ್ನ ತಟ್ಟೆ ನೋಡುತ್ತಿದ್ದರು, ಹಿಂದೆ ನಾವಿಬ್ಬರೂ ಮಾವನ ತಟ್ಟೆಯನ್ನು ನೋಡುತ್ತಿದ್ದ ಹಾಗೆ.

ಭಾನುವಾರ ಲೊಡ ಅಂದ ಆ ಕಾಯನ್ನು ಸುಲಿಸಿ ಒಡೆಸಿದೆ. ಬೆಣ್ಣೆಯ ಬಣ್ಣದ ಉಂಡೆ ಹಾಗೇ ಕಳಚಿ ಬಂತು. ಮೊದಲ ಹೋಳನ್ನು ಗೋಡೆಯ ಮೇಲಿನ ಫೋಟೋದ ಮುಂದಿಟ್ಟೆ, ಮಾವನದಾಗದೆ ಸೊಸೆಯದಾಗಬಾರದಲ್ಲ. ಆಮೇಲೆ ಬೆಲ್ಲದ ಚೂರಿನೊಂದಿಗೆ ನಾನೂ ಒಂದು ಹೋಳು ಬಾಯಿಗೆ ಹಾಕಿಕೊಂಡೆ. ಇನ್ನೊಂದು ಬೇಕೆನಿಸಿತು.

"ರೀ, ಅನ್ನಕ್ಕೆ ಇಡ್ತೀನಿ" ಅಂದೆ.

"ಇಷ್ಟು ಬೇಗನಾ?"

"ಹೂಂ ಕಣ್ರೀ. ಹಸಿವಾಗ್ತಿದೆ."